ವಾಮನರಾಯರ ಗೋಡೆಗೆ ಜಿದ್ದಾದ ತಂತಿ

ಮಾದನಹಿಪ್ಪರಗಾದ ಪೋಸ್ಟ್ ಮಾಸ್ತರ ವಾಮನರಾಯರಿಗೆ ಸರಕಾರ ಎರಡು ಸಲ ಅನ್ಯಾಯ ಮಾಡಿತ್ತು. ಮೊದಲನೆಯದು, ಅವರಿಗೆ ಬಡ್ತಿ ಕೊಟ್ಟು ಆಳಂದಕ್ಕೆ ಕರೆಸಿಕೊಳ್ಳದೆ ಇದ್ದದ್ದು. ಇದನ್ನು ಅವರು ಕ್ಷಮಿಸಿದ್ದರು. ಸರಕಾರ ದೊಡ್ಡದು, ಅದಕ್ಕೆ ಎಲ್ಲರ ನೆನಪೂ ಇರುವುದಿಲ್ಲ. ಎರಡನೆಯದನ್ನು ಕ್ಷಮಿಸಿರಲಿಲ್ಲ. ಎಂಬತ್ತೈದರ ಸುಮಾರಿಗೆ ಸರಕಾರ ರೇಡಿಯೋ ಲೈಸೆನ್ಸನ್ನು ತೆಗೆದುಹಾಕಿತು.

ಈಗಿನವರಿಗೆ ನಂಬಿಕೆ ಬರಲಿಕ್ಕಿಲ್ಲ. ಆಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಬೇಕಾದರೆ ವರ್ಷಕ್ಕೊಮ್ಮೆ ಟಪಾಲು ಕಚೇರಿಗೆ ಹೋಗಿ ಫೀ ಕಟ್ಟಿ, ಒಂದು ಸಣ್ಣ ಪುಸ್ತಕಕ್ಕೆ ಠಸ್ಸೆ ಹೊಡೆಸಿಕೊಂಡು ಬರಬೇಕಿತ್ತು. ಆ ಠಸ್ಸೆ ವಾಮನರಾಯರ ಕೈಯಲ್ಲಿತ್ತು. ಸಂಜೆ ಕೊಡೆ ಹಿಡಿದು ಓಣಿ ಸುತ್ತುತ್ತ, ಯಾರ ಮನೆಯ ರೇಡಿಯೋ ಠಸ್ಸೆಯಿಲ್ಲದೆ ಹಾಡುತ್ತಿದೆ ಎಂಬುದನ್ನು ಅವರು ಕಿವಿಯಿಂದಲೇ ಪತ್ತೆ ಹಚ್ಚುತ್ತಿದ್ದರು. ಮಾಸ್ತರು ಓಣಿಗೆ ತಿರುಗಿದರೆಂದರೆ ಮನೆ ಮನೆಯ ವಾರ್ತೆ ಅರ್ಧಕ್ಕೆ ನಿಲ್ಲುತ್ತಿತ್ತು. ಎಪ್ಪತ್ತೆಂಟರಲ್ಲಿ ಹಿಟ್ಟಿನ ಗಿರಣಿಯ ಅಂಬಾರಾಯ ಗಾಬರಿಬಿದ್ದು ತನ್ನ ರೇಡಿಯೋವನ್ನು ಜೋಳದ ಚೀಲದಲ್ಲಿ ಹುಗಿದ. ಬಂದ್ ಮಾಡುವುದನ್ನು ಮರೆತ. ಮಾಸ್ತರು ಹೊಸ್ತಿಲಲ್ಲಿ ನಿಂತಾಗ ಜೋಳದ ಚೀಲ ರೈತರಿಗೆ ಸಲಹೆ ಕೊಡುತ್ತಿತ್ತು. ಅಂಬಾರಾಯನಿಗೆ ದಂಡ ಬಿತ್ತು. ಆಮೇಲೆ ಹದಿನಾಲ್ಕು ವರ್ಷ ಇಬ್ಬರೂ ಒಬ್ಬರಿಗೊಬ್ಬರು ನಮಸ್ಕಾರ ಹೇಳಲಿಲ್ಲ.

ಲೈಸೆನ್ಸು ಹೋದ ಮೇಲೆ ಮಾಸ್ತರರಿಗೆ ಉಳಿದ ಒಂದೇ ಗೌರವವೆಂದರೆ ಖಾಸೀಂಬಿಯ ಪತ್ರ ಓದುವುದು. ಟಪಾಲು ಕಚೇರಿಯ ಹಿಂದಿನ ಎರಡು ಖೋಲಿ ಮಾಸ್ತರರ ಮನೆ. ಅದರ ಹಿತ್ತಲ ಗೋಡೆಯಾಚೆ ಖಾಸೀಂಬಿಯ ಅಂಗಳ. ಕೌದಿ ಹೊಲಿದು ಮಗನನ್ನು ಸಾಕಿದ ಹೆಂಗಸು. ಮಗ ಸಲಾವುದ್ದೀನ ಅರಬಸ್ತಾನದ ಜಿದ್ದಾದಲ್ಲಿ ಲಾರಿ ನಡೆಸುತ್ತಿದ್ದ. ಊರ ಶಾಲೆಯಲ್ಲಿ ಕಲಿತವನಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದ. ಅವನ ತಾಯಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಮಾಸ್ತರು ಓದುವುದೆಂದರೆ ಬರೀ ಓದಲ್ಲ. ನಡುನಡುವೆ ಕಾಗುಣಿತ ತಿದ್ದುವರು, ಅರಬಸ್ತಾನದ ಹವೆಯ ಬಗ್ಗೆ ತಮ್ಮ ಅಭಿಪ್ರಾಯ ಸೇರಿಸುವರು. ಸಂಜೆಯೊಳಗೆ ಅದರ ಸಾರಾಂಶ ಬಸ್ ಸ್ಟ್ಯಾಂಡಿನ ಚಹಾದಂಗಡಿಯವರೆಗೂ ಮುಟ್ಟುತ್ತಿತ್ತು.

ಎರಡು ವರ್ಷದಿಂದ ಅದೂ ನಿಂತಿತ್ತು. ಸಲಾವುದ್ದೀನ ಪತ್ರ ಬಿಟ್ಟು, ತನ್ನ ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸತೊಡಗಿದ್ದ. ಕ್ಯಾಸೆಟ್ಟಿಗೆ ಓದುವವರು ಬೇಡ. ಪಾಕೀಟು ಬಂದಾಗ ಮಾಸ್ತರು ಅದನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ ನೋಡಿ, ನಿಟ್ಟುಸಿರು ಬಿಟ್ಟು ಕೊಟ್ಟುಕಳಿಸುತ್ತಿದ್ದರು.

ತೊಂಬತ್ತೆರಡರ ಬೇಸಿಗೆಯಲ್ಲಿ ಸಲಾವುದ್ದೀನನ ಪಾಸ್‌ಪೋರ್ಟಿನ ಮುದ್ದತು ಮುಗಿಯಲಿತ್ತು. ಮುಂದಿನ ತಿಂಗಳು ರಜೆಗೆ ಬಂದು ಹೊಸದು ಮಾಡಿಸಬೇಕು. ಅದಕ್ಕೆ ಆಳಂದದ ಪೊಲೀಸರು ‘ಈ ಮನೆಯವರ ಮೇಲೆ ಯಾವ ಫಿರ್ಯಾದಿಯೂ ಇಲ್ಲ’ ಎಂದು ಬರೆಯಬೇಕು. ಬರೆಯದಿದ್ದರೆ ಪಾಸ್‌ಪೋರ್ಟಿಲ್ಲ, ಜಿದ್ದಾ ಇಲ್ಲ, ನಿಶ್ಚಯವಾದ ಮದುವೆಯೂ ಇಲ್ಲ. ಇದೆಲ್ಲ ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಅರ್ಜಿ ತುಂಬಿಟ್ಟವರು ಅವರೇ.

ಆ ಮಂಗಳವಾರ ಮೂರೂವರೆಗೆ ಮಾಸ್ತರು, ಸೊಲ್ಲಾಪುರದ ಅಳಿಯ ಕೊಟ್ಟ ಹೊಸ ರೇಡಿಯೋದ ಮುಳ್ಳು ತಿರುಗಿಸುತ್ತ ಕೂತಿದ್ದರು. ಅದರಲ್ಲಿ ಎಫ್‌ಎಂ ಎಂದೊಂದು ಪಟ್ಟಿ ಇತ್ತು. ನಮ್ಮ ಕಡೆ ಆಗ ಆ ಪಟ್ಟಿಯಲ್ಲಿ ಏನೂ ಬರುತ್ತಿರಲಿಲ್ಲ. ಎಣ್ಣೆ ಕಾದ ಬಾಣಲೆಯ ಸದ್ದು ಮಾತ್ರ. ಆದರೂ ಮಾಸ್ತರು ದಿನಾ ಒಂದು ಸುತ್ತು ಹಾಕುತ್ತಿದ್ದರು, ಮೊದಲು ಓಣಿ ಸುತ್ತುತ್ತಿದ್ದ ಹಾಗೆ. ಅವತ್ತು ಬಾಣಲೆಯೊಳಗಿಂದ ಒಂದು ದನಿ ಎದ್ದಿತು.

ಗಂಡಸಿನ ದನಿ. ಆದರೆ ಮನುಷ್ಯನದೆಂದು ಖಾತ್ರಿ ಹೇಳುವಂತಿರಲಿಲ್ಲ. ಬಾವಿಯ ತಳದಲ್ಲಿ ಕೂತು ಒಂದೊಂದೇ ಅಕ್ಷರವನ್ನು ಮೇಲಕ್ಕೆ ಸೇದಿದಂತಿತ್ತು. ಮಾತು ಉರ್ದು. ನಿಜಾಮರ ಕಾಲದಲ್ಲಿ ನಾಲ್ಕು ಇಯತ್ತೆ ಉರ್ದುವಿನಲ್ಲೇ ಕಲಿತ ಮಾಸ್ತರರಿಗೆ ಅರ್ಥ ಆಗದ್ದೇನಿಲ್ಲ: ‘ಮಾಲು ಬೊಂಬಾಯಿಗೆ ಮುಟ್ಟುತ್ತದೆ... ದೊಡ್ಡವು ಎರಡು, ಸಣ್ಣದು ಒಂದು... ದೊಡ್ಡವುಗಳ ಮೇಲೆ ಹುಲಿ ಇದೆ... ಯಾರಿಗೂ ಹೇಳಬೇಡ...’ ಮುಂದಿನದು ಬಾಣಲೆಯಲ್ಲಿ ಮುಳುಗಿತು.

ಮಾಸ್ತರು ಮುಳ್ಳನ್ನು ಅಲ್ಲೇ ಬಿಟ್ಟು ಎದ್ದರು. ಹೆಂಡತಿ ರುಕ್ಮಿಣಿಬಾಯಿಯನ್ನು ಕರೆದು ಹೇಳಿದರು.

“ಮಾಲಿನ ಮ್ಯಾಲ ಹುಲಿ ಅಂದ್ರ ಸರ್ಕಸ್ ಕಂಪನಿಯವ್ರು ಇರಬೇಕ್ರಿ,” ಅಂದಳಾಕೆ, ಅಕ್ಕಿಯಲ್ಲಿನ ಕಲ್ಲು ಆರಿಸುತ್ತ.

“ಸರ್ಕಸ್ಸಿನವ್ರು ಯಾರಿಗೂ ಹೇಳಬ್ಯಾಡ ಅಂತಾರೇನ? ಡಂಗುರ ಹೊಡಸ್ತಾರ. ಇದು ಬ್ಯಾರೇನ ಅದ.”

ಬುಧವಾರ, ಗುರುವಾರ ಅದೇ ಹೊತ್ತಿಗೆ ಅದೇ ಮಾತು. ದಿನದಿಂದ ದಿನಕ್ಕೆ ದನಿ ಇನ್ನೂ ಭಾರವಾಗುತ್ತಿತ್ತು. ಮೊದಲ ದಿನ ಕೈಕೆಳಗಿನವನು ಮಾತಾಡಿದ್ದ, ಈಗ ಸ್ವತಃ ಸರದಾರನೇ ಬಂದಿದ್ದಾನೆ ಎಂದು ಮಾಸ್ತರು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಕಳ್ಳಸಾಗಣೆ, ಅಥವಾ ಅದಕ್ಕಿಂತ ದೊಡ್ಡದು. ದೇಶದಲ್ಲಿ ಇಷ್ಟೊಂದು ಟಪಾಲು ಕಚೇರಿಗಳಿದ್ದರೂ ಇದು ತಮ್ಮ ಕಿವಿಗೇ ಬಿದ್ದದ್ದರ ಬಗ್ಗೆ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಶುಕ್ರವಾರ ಬೆಳಗ್ಗೆ ಗುಲಬರ್ಗಾದ ಪೊಲೀಸ್ ಸಾಹೇಬರಿಗೆ ಮೂರು ಪುಟದ ಫಿರ್ಯಾದಿ ಸಿದ್ಧವಾಯಿತು. ವಿಷಯ: ಅನಧಿಕೃತ ಆಕಾಶವಾಣಿ. ಹದಿನೆಂಟುನೂರ ಎಂಬತ್ತೈದರ ತಾರಿನ ಕಾಯ್ದೆ, ಹತ್ತೊಂಬತ್ತುನೂರ ಮೂವತ್ತಮೂರರ ವಾಯರ್‌ಲೆಸ್ ಕಾಯ್ದೆ ಎರಡನ್ನೂ ಅವರು ನೆನಪಿನಿಂದಲೇ ಬರೆದರು. ಲೈಸೆನ್ಸಿಲ್ಲದೆ ಧ್ವನಿ ಬಿತ್ತರಿಸುವ ಯಂತ್ರ, ಅದು ಬೆಂಕಿಪೊಟ್ಟಣದಷ್ಟಿದ್ದರೂ, ಇಟ್ಟುಕೊಂಡವನಿಗೆ ಶಿಕ್ಷೆ ಉಂಟು. ಕೊನೆಗೊಂದು ವಾಕ್ಯ ಸೇರಿಸಿದರು: ‘ಟಪಾಲು ಕಚೇರಿಯ ಹಿಂದಿನ ಓಣಿಯ ಪ್ರತಿ ಮನೆಯನ್ನೂ ಹೊಕ್ಕು ಹುಡುಕಿ ಝಡತಿ ಮಾಡಬೇಕು.’ ತಮ್ಮ ಹೆಸರು ಹಾಕಲಿಕ್ಕೆ ಧೈರ್ಯ ಸಾಲಲಿಲ್ಲ. ಸರದಾರನ ದನಿ ಅಂಥದ್ದು. ಕಳಿಸಿದವರ ಜಾಗದಲ್ಲಿ ‘ಒಬ್ಬ ಜವಾಬ್ದಾರಿ ನಾಗರಿಕ’ ಎಂದು ಬರೆದು, ಕಿಟಕಿಯ ಆಚೆ ನಿಂತು ಲಕೋಟೆ ಇಟ್ಟು, ಈಚೆ ಬಂದು ತೆಗೆದುಕೊಂಡು, ರಜಿಸ್ಟರ್ ಮಾಡಿ, ತಮಗೆ ತಾವೇ ರಸೀದಿ ಕೊಟ್ಟುಕೊಂಡರು. ರಸೀದಿ ಹಣದ ಪೆಟ್ಟಿಗೆ ಸೇರಿತು. ಟಪಾಲು ಚೀಲದ ಬಾಯಿಗೆ ಅರಗು ಬಿತ್ತು. ಮೂರೂಕಾಲಿನ ಆಳಂದ ಬಸ್ಸು ಚೀಲವನ್ನು ಹೊತ್ತುಕೊಂಡು ಹೋಯಿತು.

ಬಸ್ಸಿನ ಧೂಳು ಇಳಿಯುವ ಮೊದಲೇ ದನಿ ಶುರುವಾಯಿತು. ಕೊನೆಯ ಟಿಪ್ಪಣಿ ಮಾಡಿಕೊಳ್ಳೋಣವೆಂದು ಮಾಸ್ತರು ರೇಡಿಯೋ ಎತ್ತಿಕೊಂಡು ಗಾಳಿಗೆ ಹಿತ್ತಲಿಗೆ ಬಂದರು. ಬಾಗಿಲಲ್ಲಿ ಇದ್ದದ್ದಕ್ಕಿಂತ ಬಚ್ಚಲ ಕಲ್ಲಿನ ಹತ್ತಿರ ದನಿ ಗಟ್ಟಿ. ಅರಿವೆ ಒಣಹಾಕುವ ತಂತಿಯ ಹತ್ತಿರ ಇನ್ನೂ ಗಟ್ಟಿ. ತಂತಿಯ ಮೇಲೆ ಅವರದೇ ಧೋತರ ಒಣಗುತ್ತಿತ್ತು. ಧೋತರ ಸರಿಸಲು ಹೋಗಿ ಕೈ ತಂತಿಗೆ ತಾಗಿತು, ದನಿ ಮಂಕಾಯಿತು. ಕೈ ತೆಗೆದರು, ದನಿ ಮೊದಲಿನಂತಾಯಿತು. ಮತ್ತೆ ಮುಟ್ಟಿದರು, ಮತ್ತೆ ಬಿಟ್ಟರು. ಸರದಾರ ಅವರ ಧೋತರದಿಂದ ಮಾತಾಡುತ್ತಿದ್ದ.

ತಂತಿಯ ಒಂದು ತುದಿ ಟಪಾಲು ಕಚೇರಿಯ ಹಿಂಗೋಡೆಯ ಮೊಳೆಗೆ ಕಟ್ಟಿತ್ತು. ಸರಕಾರಿ ಗೋಡೆ. ಇನ್ನೊಂದು ತುದಿ ಗೋಡೆ ದಾಟಿ ಖಾಸೀಂಬಿಯ ಬೇವಿನ ಗಿಡಕ್ಕೆ ಹೋಗಿತ್ತು. ಮಾಸ್ತರು ಬಚ್ಚಲ ಕಲ್ಲಿನ ಮೇಲೆ ಹತ್ತಿ ಇಣುಕಿದರು.

ಖಾಸೀಂಬಿ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಳು. ಕಟ್ಟೆಯ ಮೇಲೆ ಹಳೆಯ ದೊಡ್ಡ ಟೇಪ್‌ರೆಕಾರ್ಡರು. ಅದರ ರೇಡಿಯೋ ಮಾತಾಡುತ್ತಿತ್ತು. ಬೇವಿನ ಬುಡದಲ್ಲಿ ಅಂಗೈಯಗಲದ ವಾಕ್‌ಮನ್ನು, ಅದಕ್ಕೆ ಅಂಟಿಕೊಂಡು ಒಂದು ಬೆಂಕಿಪೊಟ್ಟಣದಂಥ ಡಬ್ಬಿ. ಡಬ್ಬಿಯ ಸಣ್ಣ ಬಾಲದಂಥ ವಾಯರನ್ನು ಅರಿವೆಯ ತಂತಿಗೆ ನಾಲ್ಕು ಸುತ್ತು ಸುತ್ತಲಾಗಿತ್ತು.

“ಖಾಸೀಂಬೀ! ಏನದು?”

“ನಮ್ಮ ಸಲಾವುದ್ದೀನ ಮಾತಾಡಾಕತ್ತಾನ್ರಿ ಮಾಸ್ತರ್ರ.”

“ಅವನ ದನೀನಾ ಇದು?”

“ಸೆಲ್ ಇಳದಾವ್ರಿ. ದಿನಾ ಹಾಕತೇನಲ್ಲ, ಟೇಪು ಸಾವಕಾಶ ತಿರಗತದ. ಸೋಮವಾರ ಮಗ ಇದ್ದ, ಇವತ್ತ ಅವನ ಮುತ್ಯಾನಂಗ ಆಗ್ಯಾನ.” ಆಕೆ ನಕ್ಕಳು. “ದೊಡ್ಡ ಟೇಪಿನ ಬಾಯಿ ಕೆಟ್ಟದ್ರಿ, ರೇಡಿಯೋ ಚಲೋ ಅದ. ಈ ಡಬ್ಬಿ ಸಣ್ಣ ಟೇಪಿನ ಮಾತು ಒಯ್ದು ರೇಡಿಯೋದಾಗ ಹಾಕತದ. ನಡುವ ವಾಯರ್ ಸೈತ ಬ್ಯಾಡ. ಹೋದ ಸಲ ಬಂದಾಗ ಅವನೇ ತಂದುಕೊಟ್ಟಾನ.”

“ಮತ್ತ ತಂತಿಗೆ ಯಾಕ ಸುತ್ತೀ?”

“ಹಂಗ ಸುತ್ತಿದ್ರ ದನಿ ಗಟ್ಟಿ ಬರತದ್ರಿ. ಅದು ಮಗ ಹೇಳಿದ್ದಲ್ಲ, ನಾನೇ ಕಂಡುಹಿಡದೇನಿ,” ಎಂದಳು ಖಾಸೀಂಬಿ, ದೊಡ್ಡ ಇಂಜಿನಿಯರಳಂತೆ.

“ಹುಲಿ? ದೊಡ್ಡವು ಎರಡು, ಸಣ್ಣದು ಒಂದು?”

“ಚಾದರ್ರಿ. ಜಿದ್ದಾದ ಚಾದರ್, ಮ್ಯಾಲ ಹುಲಿ ಚಿತ್ರ ಇರತದ. ಮದುವಿಗಿ ತರಾಕತ್ತಾನ.” ಥಟ್ಟನೆ ಆಕೆಯ ಸೂಜಿ ನಿಂತಿತು. “ನಿಮಗ್ಯಾರು ಹೇಳಿದ್ರಿ? ಯಾರಿಗೂ ಹೇಳಬಾರದಂದಿದ್ದ.”

ಮಾಸ್ತರು ಕೈಯಲ್ಲಿದ್ದ ರೇಡಿಯೋ ಬಂದ್ ಮಾಡಿದರು.

“ಇರಲಿ. ಪಾಸ್‌ಪೋರ್ಟಿಗೆ ಪೊಲೀಸ್ರು ಯಾವಾಗ ಬರತಾರ್ರಿ ಮಾಸ್ತರ್ರ? ಅವರಿಗೆ ಚಹಾದ ಕಪ್ಪು ನಿಮ್ಮ ಮನ್ಯಾಗಿಂದ ಇಸಗೊಳ್ಳಬೇಕು. ನಮ್ಮವು ಒಡದಾವ.”

ಮಾಸ್ತರು ಗೋಡೆಯ ಅಂಚು ಹಿಡಿದುಕೊಂಡರು. ಪೊಲೀಸರು ಬರುವವರಿದ್ದರು, ಕಪ್ಪು ಇಸಿದುಕೊಳ್ಳುವಷ್ಟು ಸಮಯವನ್ನೂ ಕೊಡದೆ. ನಾಳೆ ಬೆಳಗ್ಗೆ ಗುಲಬರ್ಗಾದಲ್ಲಿ ಲಕೋಟೆ ಒಡೆದರೆ, ಝಡತಿಯಲ್ಲಿ ಸಿಗುವುದು ಈ ಡಬ್ಬಿ, ತಂದವನು ಸಲಾವುದ್ದೀನ. ಹುಲಿ ಬರೀ ಚಾದರವೆಂದು ಗೊತ್ತಾದ ಮೇಲೂ ಡಬ್ಬಿ ಡಬ್ಬಿಯೇ. ಮೂವತ್ತಮೂರರ ಕಾಯ್ದೆಯಲ್ಲಿ ಚಾದರದ ಮಾತಿಲ್ಲ.

ಕೆಳಗಿಳಿದವರೇ ಹೆಂಡತಿಯ ಮೇಲೆ ಹರಿಹಾಯ್ದರು. “ಸರಕಾರಿ ಗ್ವಾಡಿಗೆ ಈ ಮೊಳಿ ಯಾರು ಬಡದ್ರು?”

“ನಾನ ಬಡದೇನಿ. ನಿಮ್ಮ ಧೋತರ ದಿಲ್ಲಿಗೆ ಕಳಿಸಿ ಒಣಗಿಸಲೇನು?”

ಮುಂದಿನ ಬಸ್ಸು ಆರಕ್ಕೆ. ಆಳಂದದಲ್ಲಿ ಗುಲಬರ್ಗಾದ ಚೀಲ ಕಟ್ಟುವುದು ಐದೂವರೆಗೆ. ಊರಿನಲ್ಲಿ ಅವತ್ತು ನಡೆಯುವ ಸ್ಥಿತಿಯಲ್ಲಿದ್ದ ಮೋಟರ್‌ಸೈಕಲ್ಲು ಒಂದೇ: ಹಿಟ್ಟಿನ ಗಿರಣಿಯ ಅಂಬಾರಾಯನ ರಾಜದೂತ.

ಅಂಬಾರಾಯ ಗಿರಣಿಯ ಬಾಗಿಲಲ್ಲಿ ಮೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ಹದಿನಾಲ್ಕು ವರ್ಷದ ಮೇಲೆ ಮಾಸ್ತರು ನಮಸ್ಕಾರ ಹೇಳಿದರು. ಅವನು ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೇನೋ ನೋಡಿದ.

“ಏನ್ರಿ ಮಾಸ್ತರ್ರ, ಜ್ವಾಳದ ಚೀಲ ನೋಡಾಕ ಬಂದ್ರೇನು?”

“ಅಂಬಾರಾಯಾ, ಆಳಂದಕ್ಕ ಬಿಡಬೇಕು. ಒಂದು ಹುಡುಗನ ಹೊಟ್ಟೀ ಪ್ರಶ್ನೆ.”

“ಗಾಡಿ ಅದ್ರಿ. ಆದ್ರ ನನ್ನ ಹತ್ರ ಲೈಸೆನ್ಸ್ ಇಲ್ಲ.” ಅವನು ಪ್ರತಿ ಅಕ್ಷರವನ್ನೂ ಸವಿದು ಹೇಳಿದ. “ಕಾಯ್ದೆ ಪ್ರಕಾರ ಕೂಡತೀರೋ, ಹಂಗ ಕೂಡತೀರೋ?”

“ಹಂಗ ಕೂಡತೇನಿ. ಜಲ್ದಿ ನಡಿ.”

ಹೊಲದ ಬಂಡಿದಾರಿ ಹಿಡಿದರೆ ಬಸ್ಸಿಗಿಂತ ಬೇಗ ಮುಟ್ಟಬಹುದೆಂದು ಅಂಬಾರಾಯ ಹೇಳಿದ. ತೊಗರಿ ಕಟ್ಟಿಗೆಯ ಕೂಳೆಗಳ ನಡುವೆ ರಾಜದೂತ ಕುಣಿಯಿತು. ಕಿಣ್ಣಿ ಸುಲ್ತಾನದ ಹತ್ತಿರ ಚೈನು ಕಳಚಿತು. ಅಂಬಾರಾಯ ಕಲ್ಲಿನಿಂದ ಬಡಿದು ಕೂಡಿಸುವಾಗ ಮಾಸ್ತರು ಗಡಿಯಾರ ನೋಡುತ್ತ, ‘ಸಾವಕಾಶ ಬಡಿ’ ಎಂದೂ ‘ಜಲ್ದಿ ಬಡಿ’ ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ದೂರದ ಡಾಂಬರು ರಸ್ತೆಯಲ್ಲಿ ಕೆಂಪು ಬಸ್ಸೊಂದು ಹಾದುಹೋದದ್ದು ಕಂಡಿತು. ಅದೇ ಬಸ್ಸೋ ಅಲ್ಲವೋ ಇಬ್ಬರೂ ಕೇಳಿಕೊಳ್ಳಲಿಲ್ಲ.

ಐದು ಹತ್ತಕ್ಕೆ ಆಳಂದದ ಟಪಾಲು ಕಚೇರಿ. ಬಸ್ಸು ಆಗಲೇ ಬಂದು ಹೋಗಿತ್ತು. ಮಾದನಹಿಪ್ಪರಗಾದ ಚೀಲ ಬಾಯಿ ತೆರೆದು ಬಿದ್ದಿತ್ತು. ಅಲ್ಲಿಯ ಪೋಸ್ಟ್ ಮಾಸ್ತರ ದೌಲತರಾಯ, ಇಪ್ಪತ್ತು ವರ್ಷದ ಹಿಂದೆ ವಾಮನರಾಯರ ಕೈಕೆಳಗೆ ಕೆಲಸ ಕಲಿತವನು. ಅವನ ಮುಂದಿನ ಕಟ್ಟಿನಲ್ಲಿ ಎಲ್ಲಕ್ಕೂ ಮೇಲೆ ಆ ಉದ್ದ ಲಕೋಟೆ ಇತ್ತು.

“ದೌಲತಾ, ಅದನ್ನ ವಾಪಸ್ ಕೊಡಪಾ.”

“ಚೀಲಕ್ಕ ಬಿದ್ದ ಟಪಾಲು ಅಪ್ಪ ಕೇಳಿದ್ರೂ ಕೊಡಬಾರದು ಅಂತ ನನಗ ಯಾರು ಕಲಿಸಿದ್ರಿ ಸರ್?” ಅವನ ದನಿಯಲ್ಲಿ ಕುಹಕ ಇರಲಿಲ್ಲ, ಅವನು ನಿಜವಾಗಿಯೂ ಕಲಿತಿದ್ದ.

“ಕಳಿಸಿದವ ಅರ್ಜಿ ಬರಕೊಟ್ರ ವಾಪಸ್ ಕೊಡಬಹುದು. ನಿಯಮ ಅದ.”

“ಅದ್ರಿ. ಕಳಿಸಿದವರು ಯಾರು?”

“ನಾನು.”

ದೌಲತರಾಯ ಲಕೋಟೆ ತಿರುಗಿಸಿ ಗಟ್ಟಿಯಾಗಿ ಓದಿದ. “ಒಬ್ಬ ಜವಾಬ್ದಾರಿ ನಾಗರಿಕ.” ಕನ್ನಡಕ ಸರಿಮಾಡಿಕೊಂಡು ಮಾಸ್ತರರನ್ನು ನೋಡಿದ. ಮಾಸ್ತರರ ಟೊಪ್ಪಿಗೆ ದಾರಿಯಲ್ಲೆಲ್ಲೋ ಬಿದ್ದಿತ್ತು. ಅಂಬಾರಾಯನ ಬೆನ್ನ ಹಿಟ್ಟು ಅವರ ಮುಖಕ್ಕೆ ಮೆತ್ತಿತ್ತು. “ರಸೀದಿ ಅದೇನ್ರಿ ಸರ್?”

“ಊರಾಗ, ಪೆಟಗ್ಯಾಗ ಅದ.”

ಬಾಗಿಲಲ್ಲಿ ಗುಲಬರ್ಗಾದ ಬಸ್ಸಿನ ಹಾರ್ನು ಕೇಳಿತು. ಒಬ್ಬ ಗುಮಾಸ್ತ ಅರಗಿಗೆ ಮೇಣದಬತ್ತಿ ಹಚ್ಚಿದ.

“ಹಂಗಾದ್ರ ಒಂದೇ ದಾರಿ,” ಎಂದು ದೌಲತರಾಯ ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದ. “ಅದೇ ವಿಳಾಸ, ಕಳಿಸಿದವರ ಹೆಸರು, ನನ್ನೆದುರಿಗೆ ಬರೀರಿ. ಅಕ್ಷರ ಕೂಡಬೇಕು. ಕೆಳಗ ನಿಮ್ಮ ಖರೇ ಹೆಸರು, ಸಹಿ. ಮತ್ತ ಕಾರಣ.”

ಮಾಸ್ತರು ಬರೆದರು. ರಾಜದೂತದ ಕುಣಿತ ಇನ್ನೂ ಬೆರಳಲ್ಲಿತ್ತು, ಮೊದಲ ಸಾಲು ಯಾರ ಅಕ್ಷರಕ್ಕೂ ಕೂಡಲಿಲ್ಲ. ದೌಲತರಾಯ ತಲೆ ಅಲ್ಲಾಡಿಸಿದ. ಎರಡನೆಯ ಸಲ ಉಸಿರು ಹಿಡಿದು ಬರೆದರು. ‘ಜವಾಬ್ದಾರಿ’ಯ ಒತ್ತಿನ ಬಾಲ ಲಕೋಟೆಯಲ್ಲಿದ್ದಂತೆಯೇ ಮೀಸೆಯಾಗಿ ತಿರುವಿಕೊಂಡಿತು. ಗುಮಾಸ್ತರೆಲ್ಲ ಬಗ್ಗಿ ನೋಡಿದರು. ಆ ಮೀಸೆ ಟಪಾಲು ಖಾತೆಯಲ್ಲೆಲ್ಲ ಪ್ರಸಿದ್ಧ.

ಕಾರಣದ ಜಾಗದಲ್ಲಿ ಮಾಸ್ತರು ‘ಸಾರ್ವಜನಿಕ ಹಿತದ ದೃಷ್ಟಿಯಿಂದ’ ಎಂದು ಬರೆದರು.

“ಇದು ಕಾರಣ ಅಲ್ರಿ ಸರ್. ನೀವೇ ಇಂಥಾವು ಎಷ್ಟೋ ಹೊಡದು ಹಾಕೀರಿ.”

ಹಾರ್ನು ಮತ್ತೆ ಕೇಳಿತು. ಅರಗು ಕರಗಿ ಚೀಲದ ಮೇಲೊಂದು ಹನಿ ಬಿತ್ತು. ವಾಮನರಾಯರು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಇನ್ನೊಂದು ಸಾಲು ಬರೆದು, ತಲೆ ಎತ್ತದೆ ಹಾಳೆಯನ್ನು ತಳ್ಳಿದರು. ದೌಲತರಾಯ ಅದನ್ನು ಗಟ್ಟಿಯಾಗಿ ಓದಲಿಲ್ಲ. ಮಡಚಿ ಫೈಲಿಗೆ ಹಾಕಿ, ಲಕೋಟೆ ಕೊಟ್ಟ. ಆ ಸಾಲು ಇಂದಿಗೂ ಆಳಂದದ ಯಾವುದೋ ಕಪಾಟಿನಲ್ಲಿರಬೇಕು: ‘ತಿಳಿಯದೆ ಬರೆದೆ. ಬರೆದದ್ದು ತಪ್ಪು.’ ಮೂವತ್ತಾರು ವರ್ಷದ ನೌಕರಿಯಲ್ಲಿ ಅವರು ತಮ್ಮ ಬಗ್ಗೆ ಬರೆದ ಅತಿ ಚಿಕ್ಕ ವರದಿ ಅದು.

ಹೊರಗೆ ಅಂಬಾರಾಯ ಚಹಾ ಕುಡಿಯುತ್ತಿದ್ದ. “ಸಿಗ್ತೇನ್ರಿ?”

“ಸಿಗ್ತು.”

“ಏನು ಬರದಿದ್ರಿ ಅದರಾಗ?”

ಮಾಸ್ತರು ಲಕೋಟೆ ಹರಿದು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು. “ನಿನ್ನ ಜ್ವಾಳದ ಚೀಲದಂಥಾದ್ದೇ ಒಂದು ಹಕೀಕತ್ತು.” ಅಂಬಾರಾಯ ಅವರಿಗೂ ಒಂದು ಕಪ್ಪು ಹೇಳಿದ.

ಊರಿಗೆ ಮರಳಿದೊಡನೆ ಮಾಸ್ತರು ಗೋಡೆಯ ಹತ್ತಿರ ನಿಂತು, ಇಂಥ ಡಬ್ಬಿಗೆ ಸರಕಾರದ ಲೈಸೆನ್ಸು ಬೇಕೆಂದು ತಿಳಿಸಿ, ಅದರ ಬಾಲವನ್ನು ಅರಿವೆಯ ತಂತಿಯಿಂದ ಬಿಡಿಸಲು ಖಾಸೀಂಬಿಗೆ ಹೇಳಿದರು. ಮಾತು ಇನ್ನು ಆಕೆಯ ಅಂಗಳ ದಾಟುವುದಿಲ್ಲ. “ಹಂಗಾದ್ರ ದನಿ ಸಣ್ಣ ಆಗತದಲ್ರಿ?” ಎಂದಳಾಕೆ. ಮರುದಿನ ಎರಡು ಹೊಸ ಸೆಲ್ಲು ತಂದುಕೊಟ್ಟರು. ದನಿ ಸಣ್ಣದಾಯಿತು, ಆದರೆ ಸಲಾವುದ್ದೀನನದೇ ಆಯಿತು. ಗೋಡೆಗೆ ಕಿವಿ ಕೊಟ್ಟಿರಲಿಲ್ಲ ಎಂದು ಮಾಸ್ತರು ಇಂದಿಗೂ ಹೇಳುತ್ತಾರೆ. ಅಂತೂ ಬಾಣಲೆಯಲ್ಲಿ ಮುಳುಗಿದ್ದ ಮಾತು ಅವತ್ತು ಸ್ವಚ್ಛವಾಗಿ ಕೇಳಿತು: ‘ಯಾರಿಗೂ ಹೇಳಬೇಡಮ್ಮಾ. ಅದರಲ್ಲೂ ಮಾಸ್ತರರಿಗೆ. ಅವರಿಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ.’ ಮಾಸ್ತರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಚಾದರಗಳ ಸುದ್ದಿ ಮದುವೆಯ ದಿನದವರೆಗೂ ಚಹಾದಂಗಡಿಯನ್ನು ಮುಟ್ಟಲಿಲ್ಲ. ರುಕ್ಮಿಣಿಬಾಯಿ ಅವರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅಂಜಿದ್ದಳು.

ಮುಂದಿನ ತಿಂಗಳು ಸಲಾವುದ್ದೀನ ಬಂದ. ಆಳಂದದಿಂದ ಹವಾಲ್ದಾರ ಒಬ್ಬ ಕಾಗದ ಹಿಡಿದು ಬಂದ ದಿನ ಅವನು ಗುಲಬರ್ಗಾಕ್ಕೆ ಹೋಗಿದ್ದ. ಖಾಸೀಂಬಿ ಕೌದಿಯ ಮುಂದೆ ಕೂತು ಕ್ಯಾಸೆಟ್ಟು ಹಾಕಿಕೊಂಡಿದ್ದಳು. ಮಗ ಮನೆಯಲ್ಲಿದ್ದರೂ ಯಾಕೆ ಎಂದು ಯಾರಾದರೂ ಕೇಳಿದರೆ, “ಮನ್ಯಾಗಿನ ಮಗ ಹ್ಞೂಂ ಅಂತಾನ, ಹ್ಞಾಂ ಅಂತಾನ. ಟೇಪಿನ್ಯಾಂವ ಚಲೋ ಮಾತಾಡತಾನ,” ಎನ್ನುತ್ತಿದ್ದಳು.

ನೆರೆಯವರ ಸಹಿ ಬೇಕೆಂದು ಮಾಸ್ತರರನ್ನು ಕರೆಸಿದರು. ಅವರು ಬಂದಾಗ ರುಕ್ಮಿಣಿಬಾಯಿಯ ಕಪ್ಪಿನಲ್ಲಿ ಹವಾಲ್ದಾರನ ಚಹಾ ತಣ್ಣಗಾಗುತ್ತಿತ್ತು. ಅವನು ಕಟ್ಟೆಯ ಮೇಲಿನ ರೇಡಿಯೋವನ್ನೇ ನೋಡುತ್ತಿದ್ದ. ಬೇವಿನ ಬುಡದಲ್ಲಿ ಡಬ್ಬಿ, ಅವನ ಬೂಟಿನಿಂದ ಒಂದು ಗೇಣು ದೂರ, ಬಿಸಿಲಿಗೆ ಹೊಳೆಯುತ್ತಿತ್ತು.

“ಯಾವ ಸ್ಟೇಶನ್ರಿ ಇದು? ಎಂದೂ ಕೇಳಿಲ್ಲ.”

ಖಾಸೀಂಬಿಯ ಕೈಯಲ್ಲಿ ಸೂಜಿ ನಿಂತಿತು. ಆಕೆ ಮಾಸ್ತರರ ಮುಖ ನೋಡಿದಳು. ಸರಕಾರಿ ಕೆಲಸದಲ್ಲಿ ವಾಮನರಾಯರು ಎಂದೂ ಸುಳ್ಳು ಹೇಳಿದವರಲ್ಲ.

“ಜಿದ್ದಾ,” ಎಂದರು ಮಾಸ್ತರು.

“ಜಿದ್ದಾ? ಅಲ್ಲಿತನಕ ಹಿಡೀತದ?”

“ಹವಾ ಚಲೋ ಇದ್ರ ಹಿಡೀತದ್ರಿ.”

ಹವಾಲ್ದಾರ ಮೆಚ್ಚಿಕೊಂಡು ತಲೆ ಅಲ್ಲಾಡಿಸಿದ. ಕಾಗದ ಮುಂದೆ ಹಿಡಿದ. “ಈ ಮನ್ಯಾಗಿನವ್ರ ಮ್ಯಾಲ ಯಾರದೂ ಫಿರ್ಯಾದಿ ಇಲ್ಲಲ್ರಿ?”

“ಇಲ್ಲ,” ಎಂದು ಮಾಸ್ತರು ಕೌದಿಯ ಅಂಚಿನಲ್ಲಿ ಕೂತು, ಡಬ್ಬಿಗೆ ಬೆನ್ನು ಅಡ್ಡವಾಗುವಂತೆ ತಿರುಗಿ, ಪೆನ್ನು ತೆರೆದರು. ಹೆಸರು, ತಂದೆಯ ಹೆಸರು, ಹುದ್ದೆ, ಊರು ಎಲ್ಲವನ್ನೂ ಪೂರ್ತಿ ಬರೆದು ಸಹಿ ಹಾಕಿದರು.